ಅಕ್ಕ ಸಹಿ ಮಾಡಲಿಲ್ಲ

ಅಕ್ಕ ತೀರಿಕೊಂಡ ಸುದ್ದಿಯನ್ನು ಅವರ ಮಗ ಫೋನಿನಲ್ಲಿ ಹೇಳಿದಾಗ ನಾನು ಆಫೀಸಿನ ಮೀಟಿಂಗಿನಲ್ಲಿದ್ದೆ. ಎದುರಿನ ಪರದೆಯ ಮೇಲೆ ‘ಗುಣಮಟ್ಟವೇ ನಮ್ಮ ಉಸಿರು’ ಎಂದು ಇಂಗ್ಲಿಷಿನಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು. ಹೊರಗೆ ಬಂದು ಮಾತಾಡಿದೆ. “ಮೊನ್ನೆನ ಮಣ್ಣಾತ್ರಿ. ನೀವು ಬರಬೇಕಂತ ಅಲ್ಲ, ತಿಳಿಸಬೇಕಲ್ಲ ಅಂತ ಮಾಡ್ದೆ,” ಎಂದ. ನನ್ನ ಮಾತಿಗೆ ಕಾಯದೆ ಫೋನ್ ಇಟ್ಟುಬಿಟ್ಟ.

ಮತ್ತೆ ಒಳಗೆ ಹೋಗಿ ಕೂತಾಗ ಆ ಪರದೆಯನ್ನು ಎಳೆದು ಬಿಸಾಕಬೇಕೆನ್ನಿಸಿತು. ಬಿಸಾಕಲಿಲ್ಲ. ನಾನು ಅಂಥದ್ದನ್ನೆಲ್ಲ ಮಾಡುವ ಪೈಕಿಯವನಲ್ಲ. ಮಾತಾಡಬೇಕಾದ ಹೊತ್ತಿನಲ್ಲಿ ಬಾಯಿ ಹೊಲಿದುಕೊಂಡು ಕೂರುವ ಪೈಕಿಯವನು. ಅದು ಅಕ್ಕನಿಗೆ ಚೆನ್ನಾಗಿ ಗೊತ್ತಿತ್ತು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರನ್ನು ನನ್ನ ಕೈಗೆ ಕೊಡುವಷ್ಟು ನಂಬಿಕೆ ಅವರಿಗೆ ಕೊನೆಗೆ ಉಳಿದಿರಲಿಲ್ಲ. ಆಫೀಸಿನಲ್ಲಿ ಎಲ್ಲರೂ ಅಕ್ಕ ಎನ್ನುತ್ತಿದ್ದರು. ತೆಲುಗಿನವರಿಗೂ ಅಕ್ಕನೇ, ನಮಗೂ ಅಕ್ಕನೇ.

ಹೈದರಾಬಾದಿಗೆ ಐಟಿಯ ಅಮಲು ಏರಿದ್ದ ಕಾಲ ಅದು. ಕಂಪ್ಯೂಟರ್ ಕಲಿಸುವ ಬೋರ್ಡಿಲ್ಲದ ಗಲ್ಲಿ ಇರಲಿಲ್ಲ. ಬೇಗಂಪೇಟೆಯಲ್ಲಿ ಒಂದು ಸೀರೆ ಅಂಗಡಿಯ ಮೇಲಿನ ಮೂರನೇ ಮಹಡಿ ನಮ್ಮದು. ವಿಮಾನ ಇಳಿಯುವಾಗೆಲ್ಲ ಕಿಟಕಿಯ ಗಾಜು ನಡುಗುತ್ತಿತ್ತು. ಹೊರಗಿನ ಬೋರ್ಡು ನಮ್ಮನ್ನು ಸಾಫ್ಟ್‌ವೇರ್ ಕಂಪನಿ ಎಂದು ಕರೆಯುತ್ತಿತ್ತು. ಒಳಗೆ ನಡೆಯುತ್ತಿದ್ದದ್ದು ಕಸ ಹೆಕ್ಕುವ ಕೆಲಸ. ಹೊರದೇಶದ ಪ್ರಕಾಶಕರ ಹಳೇ ಪುಸ್ತಕಗಳನ್ನು ಯಾರೋ ಎಲ್ಲೋ ಸ್ಕ್ಯಾನ್ ಮಾಡುತ್ತಿದ್ದರು. ಯಂತ್ರ ಅದರ ಅಕ್ಷರಗಳನ್ನು ಓದಿ ಇ-ಪುಸ್ತಕ ಮಾಡಿ ನಮ್ಮತ್ತ ತಳ್ಳುತ್ತಿತ್ತು. ಆ ಪುಸ್ತಕಗಳ ಅವತಾರ ನೋಡಬೇಕು! ವಾಕ್ಯದ ನಡುವೆ ಪುಟದ ನಂಬರು. ಪ್ರತಿ ಪುಟದ ನೆತ್ತಿಯ ಮೇಲಿರುವ ಪುಸ್ತಕದ ಹೆಸರು ಯಾರದೋ ಸಂಭಾಷಣೆಯೊಳಗೆ. ಅಡಿಟಿಪ್ಪಣಿ ಕಥೆಯ ಹೊಟ್ಟೆಯಲ್ಲಿ. ಪದ್ಯದ ಸಾಲುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಗದ್ಯ. ಅದನ್ನೆಲ್ಲ ಬಿಡಿಸಿ, ಪುಸ್ತಕ ಪುಸ್ತಕದ ಹಾಗೆ ಕಾಣುವಂತೆ ಮಾಡಲು ಒಂದು ಹಾಲ್‌ನಲ್ಲಿ ನಲವತ್ತು ಜನ ಕೂತಿದ್ದೆವು. 

ಅಪ್ಪ ಇಲ್ಲಿನ ಒಂದು ಸರ್ಕಾರಿ ಕಾರ್ಖಾನೆಯಲ್ಲಿದ್ದರು. ನಮ್ಮ ಮೂಲ ತುಮಕೂರಿನ ಕಡೆ. ನಾನು ಡಿಗ್ರಿ ಮುಗಿಸಿ, ದೊಡ್ಡ ಕಂಪನಿಗಳು ಬಾಗಿಲಲ್ಲೇ ಹಿಂದಕ್ಕೆ ಕಳಿಸಿದ ಮೇಲೆ ಇಲ್ಲಿಗೆ ಬಂದು ಬಿದ್ದೆ. ಮೊದಲ ದಿನ ನಾನು ಫೋನಿನಲ್ಲಿ ಅಮ್ಮನ ಜೊತೆ ಮಾತಾಡುವುದನ್ನು ಕೇಳಿಸಿಕೊಂಡು ಅಕ್ಕ ಪಕ್ಕದ ಕುರ್ಚಿಯಿಂದಲೇ ಹೇಳಿದರು: “ಕನ್ನಡ ಏನ? ಇಸ್ತ್ರಿ ಮಾಡಿದಂಗ ಐತಲ್ಲೋ ತಮ್ಮಾ ನಿಂದು!”

ಅವರಿಗೆ ಆಗ ನಲವತ್ತು ದಾಟಿತ್ತು. ಎ.ಸಿ.ಯ ಚಳಿಗೆ ಸೀರೆಯ ಮೇಲೆ ಗಂಡನ ಹಳೇ ಸ್ವೆಟರು, ಕಿವಿ ಮುಚ್ಚುವಂತೆ ಸೆರಗು. ಲಿಂಗಸುಗೂರಿನಲ್ಲಿ ಅವರ ಮಾವನಿಗೆ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇತ್ತಂತೆ. ಮದುವೆಯಾಗಿ ಬಂದ ಮೇಲೆ ಅಲ್ಲಿ ಕೂತು ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಲಗ್ನಪತ್ರಿಕೆ, ರಸೀದಿ ಪುಸ್ತಕ, ಸಣ್ಣಪುಟ್ಟ ಕರಪತ್ರ. ಪ್ರೆಸ್ ಮುಚ್ಚಿದ ಮೇಲೆ ಗಂಡನಿಗೆ ನಾಚಾರಂನ ಒಂದು ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿ ಸಂಸಾರ ಇಲ್ಲಿಗೆ ಬಂತು. ಮ್ಯಾಟ್ರಿಕ್‌ನಷ್ಟು ಇಂಗ್ಲಿಷು ಇತ್ತು. ಬಾಯಿ ಬಿಟ್ಟರೆ ಆಟೋದವನ ಜೊತೆ ದಖನಿ ಉರ್ದು, ವಾಚ್‌ಮನ್ ಜೊತೆ ತೆಲುಗು.

ಅವರನ್ನು ಕೆಲಸಕ್ಕೆ ತೆಗೆದುಕೊಂಡ ಕಥೆಯನ್ನು ಅವರೇ ನಗುತ್ತ ಹೇಳುತ್ತಿದ್ದರು. ಪರೀಕ್ಷೆಗೆಂದು ಒಂದು ಪುಟ ಕೊಟ್ಟಾಗ ಅವರು ಕೊನೇ ಸಾಲಿನಿಂದ ಮೇಲಕ್ಕೆ ನೋಡುತ್ತ ಹೋದರಂತೆ. ಹೀಗೆ ಓದಿದರೆ ಅರ್ಥ ಹೇಗಾಗುತ್ತದೆ ಎಂದು ಮ್ಯಾನೇಜರು ಕೇಳಿದರು. “ಅರ್ಥ ಆತಂದ್ರ ಕಣ್ಣು ಓಡತೈತ್ರಿ. ಓಡೋದು ಬ್ಯಾಡ ಅಂತನ ಕೆಳಗಿಂದ ನೋಡ್ತೀನಿ.” ಮ್ಯಾನೇಜರು ಬೇಕೆಂದೇ ಇಟ್ಟಿದ್ದ ತಪ್ಪುಗಳ ಜೊತೆಗೆ ಅವರಿಗೇ ಗೊತ್ತಿಲ್ಲದ ಇನ್ನೆರಡನ್ನು ಅಕ್ಕ ಹಿಡಿದುಕೊಟ್ಟರು. ಪ್ರೆಸ್ಸಿನಲ್ಲಿ ಕಲಿತ ಆ ಅಭ್ಯಾಸವನ್ನು ಕೊನೆಯವರೆಗೂ ಬಿಡಲಿಲ್ಲ. ಪುಸ್ತಕ ಕೈಗೆ ಬಂದರೆ ಕೊನೇ ಪುಟದಿಂದ ಶುರು. ಮಿಠಾಯಿ ಡಬ್ಬಿಯ ರಟ್ಟನ್ನು ಪಟ್ಟಿಯಂತೆ ಕತ್ತರಿಸಿಕೊಂಡಿದ್ದರು. ಅದನ್ನು ಕಂಪ್ಯೂಟರಿನ ಗಾಜಿಗೆ ಹಿಡಿದು, ಒಂದೊಂದೇ ಸಾಲು ಮೇಲಕ್ಕೆ ಸರಿಸುತ್ತ, ಸ್ಕ್ಯಾನಿನ ಜೊತೆ ತಾಳೆ ನೋಡುತ್ತಿದ್ದರು. ಅದನ್ನು ಕಂಡು ಹುಡುಗರು ಬಾಯಿಗೆ ಕೈ ಇಟ್ಟುಕೊಂಡು ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಅವರ ಬಾಯಿ ಮಾತ್ರ ಭಾಳ ಜೋರು. ಕಿವಿಗೆ ಹಾಡು ಹಾಕಿಕೊಂಡು ಕೆಲಸ ಮಾಡುವವರನ್ನು ಕಂಡರೆ, “ಮಂದಿ ಪುಸ್ತಕ ಐತದು, ನಿಮ್ಮ ಮನೀ ಪಾತ್ರಿ ತಿಕ್ಕಾಕತ್ತಿಲ್ಲ,” ಎಂದು ಬೈಯುತ್ತಿದ್ದರು. ಸೇರಿದ ಎರಡನೇ ವಾರ ನಾನು ಒಂದು ಪದ್ಯವನ್ನು ಗದ್ಯದಂತೆ ಒತ್ತಿ ಮುಂದಕ್ಕೆ ಕಳಿಸಿದ್ದೆ. ಅಕ್ಕ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. “ಓದು. ಜೋರಾಗಿ ಓದು.” ಇಡೀ ಹಾಲ್ ನೋಡುತ್ತಿತ್ತು. ನಾಲ್ಕು ಸಾಲು ಓದಿದೆ. “ಉಸುರು ಎಲ್ಲಿ ತಗೊಂಡಿ? ಅಲ್ಲಿ ಮುರೀಬೇಕು ಸಾಲು. ನನಗ ಇದರ ಅರ್ಥ ಗೊತ್ತಿಲ್ಲೋ ತಮ್ಮಾ, ಆದ್ರ ಬರದಾಂವಗ ಉಸುರು ಇತ್ತು ಅನ್ನೋದು ಗೊತ್ತೈತಿ.” ಅವತ್ತು ಅವಮಾನದಿಂದ ಕಿವಿ ಕೆಂಪಾಗಿತ್ತು. ಊಟದ ಹೊತ್ತಿಗೆ ತಾವೇ ಡಬ್ಬಿ ತೆಗೆದು ರೊಟ್ಟಿಯ ಮೇಲೆ ಪುಂಡಿಪಲ್ಲೆ ಇಟ್ಟು ನನ್ನ ಮುಂದೆ ದೂಡಿದರು. ಬೈದದ್ದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಹಾಲ್‌ನ ಗೋಡೆಯ ಮೇಲೆ ಎರಡು ಬೋರ್ಡು. ಒಂದರಲ್ಲಿ ಯಾರು ದಿನಕ್ಕೆ ಎಷ್ಟು ಪುಟ ಮುಗಿಸಿದರೆಂಬುದು. ಅದರಲ್ಲಿ ಅಕ್ಕ ಯಾವಾಗಲೂ ಕೊನೆ. ಇನ್ನೊಂದರಲ್ಲಿ ಪ್ರತಿ ಸೋಮವಾರ ಯಾರ ಹೆಸರಿನ ಮುಂದೆ ಎಷ್ಟು ತಪ್ಪು ಎಂದು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ಅಕ್ಕನ ಹೆಸರಿನ ಮುಂದೆ ಆರು ವರ್ಷ ಏನೂ ಬರೆದಿರಲಿಲ್ಲ. ಸೋಮವಾರ ಬೆಳಗ್ಗೆ ಬಂದವರೇ ಆ ಖಾಲಿ ಜಾಗವನ್ನು ಒಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು ಕೂರುತ್ತಿದ್ದರು. ಆ ಕಂಪನಿ ಅವರಿಗೆ ಬಡ್ತಿ ಕೊಡಲಿಲ್ಲ, ಒಳ್ಳೆಯ ಮಾತನ್ನೂ ಆಡಲಿಲ್ಲ. ಅವರಿಗೆ ಅಲ್ಲಿ ತಮ್ಮದು ಅಂತ ಇದ್ದದ್ದು ಆ ಖಾಲಿ ಜಾಗ ಒಂದೇ.

ನಾನು ಮೂರು ವರ್ಷಕ್ಕೆ ಟೀಮ್ ಲೀಡರ್ ಆದೆ. ಅಕ್ಕನಿಂದ ಕಲಿತದ್ದರ ಮೇಲೆ ನಿಂತು ಅಕ್ಕನ ಮೇಲಿನವನಾದೆ ಎಂದು ಹೇಳುವುದು ಸರಿ. ಬಡ್ತಿಯ ಅಮಲು ತಲೆಗೇರಿತ್ತು. ಸ್ಕ್ಯಾನ್ ಮಾಡುವವರು ಎಷ್ಟೋ ಸಲ ಒಂದೇ ಪುಟವನ್ನು ಎರಡು ಬಾರಿ ಸ್ಕ್ಯಾನ್ ಮಾಡುತ್ತಿದ್ದರು, ಸಾಲುಗಳು ಮರುಕಳಿಸುತ್ತಿದ್ದವು. ಅದನ್ನು ಕೈಯಲ್ಲಿ ತೆಗೆಯುವುದು ಬೇಡವೆಂದು ನಾನೊಂದು ಮ್ಯಾಕ್ರೊ, ಅಂದರೆ ಪುಟ್ಟ ಪ್ರೋಗ್ರಾಮು, ಬರೆದೆ. ಒಂದು ಗುಂಡಿ ಒತ್ತಿದರೆ ಸಾಕು, ಎರಡನೇ ಸಲ ಬಂದ ಸಾಲನ್ನು ಅದು ತಾನೇ ಅಳಿಸುತ್ತಿತ್ತು. ಮ್ಯಾನೇಜರು ಮೀಟಿಂಗಿನಲ್ಲಿ ನನಗೆ ಚಪ್ಪಾಳೆ ಹೊಡೆಸಿದರು. ಅಕ್ಕ ಚಪ್ಪಾಳೆ ತಟ್ಟಲಿಲ್ಲ. “ಒಂದು ಮಾತು ಎರಡು ಸಲ ಬಂದ್ರ ತಪ್ಪಂತ ನಿನಗ ಯಾರು ಹೇಳಿದ್ರು? ಮನಿಶ್ಯಾ ಒಂದ ಮಾತು ಎರಡು ಸಲ ಆಡೂದಿಲ್ಲೇನು?” ಎಂದರು. ಅವರಿಗೆ ಹೊಸತು ಕಂಡರೆ ಆಗುವುದಿಲ್ಲ ಎಂದುಕೊಂಡೆ. ಎಷ್ಟು ಸುಲಭವಾಗಿ ಹಾಗೆಂದುಕೊಂಡೆ ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆಮೇಲೆ ಆ ಪುಸ್ತಕ ಬಂತು. ಯಾವುದೋ ದೂರದೇಶದ ಕಲ್ಲಿದ್ದಲು ಗಣಿಯ ಊರಿನ ಚರಿತ್ರೆ. ಗಣಿ ಕುಸಿದು ಊರಿನ ಗಂಡಸರು ಸತ್ತಿದ್ದರು. ಪುಸ್ತಕದ ಕೊನೆಯಲ್ಲಿ ಸತ್ತವರ ಪಟ್ಟಿ. ವಯಸ್ಸಿಲ್ಲ, ತಂದೆಯ ಹೆಸರಿಲ್ಲ, ಬೀದಿವಾರು ಬರೀ ಹೆಸರು. ಉಳಿದವರಾಗಿದ್ದರೆ ಮೊದಲ ಐವತ್ತು ಪುಟ ನೋಡಿ, ನಡುವೆ ಅಲ್ಲಲ್ಲಿ ಇಣುಕಿ ಬಿಡುತ್ತಿದ್ದರು. ಅಕ್ಕ ಕೊನೆಯಿಂದ ಶುರು ಮಾಡುವವರು. ಅವರ ಕಣ್ಣಿಗೆ ಮೊದಲು ಬಿದ್ದದ್ದೇ ಆ ಪಟ್ಟಿ.

ನನ್ನ ಮೇಜಿನ ಹತ್ತಿರ ಬಂದು, ತೋಳು ಹಿಡಿದು ಎಬ್ಬಿಸಿ ಕರೆದುಕೊಂಡು ಹೋದರು. ಸ್ಕ್ಯಾನಿನಲ್ಲಿ ಒಂದೇ ಹೆಸರು ಮೂರು ಸಲ, ಒಂದರ ಕೆಳಗೊಂದು. ನಮ್ಮ ಫೈಲಿನಲ್ಲಿ ಒಂದೇ ಸಲ.

“ಪ್ರಿಂಟ್ ಮಿಸ್ಟೇಕ್ ಇರಬೇಕು ಅಕ್ಕ,” ಎಂದೆ.

“ಎಲ್ಲಿ ಮಿಸ್ಟೇಕು? ನಮ್ಮ ಮಾವಗ ಮೂರು ಮಂದಿ ಗಂಡುಮಕ್ಕಳು. ಮೂವರೂ ತಮ್ಮ ತಮ್ಮ ಹಿರೀ ಮಗಗ ಅಪ್ಪನ ಹೆಸರ ಇಟ್ರು. ಮನ್ಯಾಗ ದೊಡ್ಡಾಂವ, ನಡುವಿನಾಂವ, ಸಣ್ಣಾಂವ ಅಂತ ಕರಿತೀವಿ. ಸಾಲ್ಯಾಗ ಮೂವರ ಹೆಸರೂ ಒಂದ. ಹಂಗಂತ ಇಬ್ಬರನ್ನ ತೆಗದು ಒಗೀತಿಯೇನು?” ರಟ್ಟಿನ ಪಟ್ಟಿಯನ್ನು ಗಾಜಿಗೆ ಒತ್ತಿ ಹಿಡಿದಿದ್ದರು. “ಇವರೂ ನಮ್ಮಂಗ ಅಜ್ಜನ ಹೆಸರು ಇಡೋ ಮಂದಿ. ಮೂರು ಮಂದಿ ಸತ್ತಾರ. ನಿನ್ನ ಗುಂಡಿ ಇಬ್ಬರನ್ನ ನುಂಗೈತಿ.”

ಅವರು ಎರಡು ದಿನ ಕೂತು ಆ ಪಟ್ಟಿಯ ಪ್ರತಿ ಬೀದಿಯನ್ನೂ ತಾಳೆ ನೋಡಿದರು. ಅಳಿಸಿಹೋದ ಹೆಸರುಗಳನ್ನೆಲ್ಲ ಮೊದಲು ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಆಮೇಲೆ ಫೈಲಿಗೆ ಒಂದೊಂದಾಗಿ ಸೇರಿಸಿದರು. ಮುಗಿಸಿ ಬಂದು, “ಇದರ ಮ್ಯಾಲ ಮತ್ತ ಆ ಗುಂಡಿ ಒತ್ತಬ್ಯಾಡೋ ತಮ್ಮಾ,” ಎಂದರು. “ಇಲ್ಲ ಅಕ್ಕ, ಒತ್ತಲ್ಲ,” ಎಂದೆ.

ವಾರದ ಕೊನೆಗೆ ಆ ಕಂತಿನ ಪುಸ್ತಕಗಳನ್ನೆಲ್ಲ ಒಟ್ಟಿಗೆ ಕಳಿಸಬೇಕಿತ್ತು. ಕಳಿಸುವ ಮುಂಚೆ, ಯಾವುದರಲ್ಲಾದರೂ ಉಳಿದಿದ್ದರೆ ಹೋಗಲಿ ಎಂದು ಇಡೀ ಕಂತಿನ ಮೇಲೆ ಮ್ಯಾಕ್ರೊ ಓಡಿಸಿದೆ. ಆ ಪುಸ್ತಕವನ್ನು ಬದಿಗೆ ತೆಗೆದಿಡಬೇಕೆಂಬುದು ನೆನಪಿಗೇ ಬರಲಿಲ್ಲ. ಎರಡು ದಿನದ ಕೆಲಸ ಹೋಗಲು ಎರಡು ನಿಮಿಷ ಕೂಡ ಬೇಕಾಗಲಿಲ್ಲ.

ಕೆಲವು ತಿಂಗಳ ಮೇಲೆ ದೂರು ಬಂತು. ಆ ಊರಿನ ಯಾರೋ ಮುದುಕರು ಪ್ರಕಾಶಕರಿಗೆ ಬರೆದಿದ್ದರು: ತಮ್ಮ ಮನೆಯಿಂದ ಒಂದೇ ಹೆಸರಿನ ಇಬ್ಬರು ಗಣಿಗೆ ಇಳಿದಿದ್ದರು, ಹೊಸ ಪುಸ್ತಕದಲ್ಲಿ ಒಬ್ಬರೇ ಇದ್ದಾರೆ, ಇನ್ನೊಬ್ಬರು ಎಲ್ಲಿ ಹೋದರು ಎಂದು. ಓದಿದ ತಕ್ಷಣ ನನಗೆ ಎಲ್ಲ ಹೊಳೆಯಿತು. ಮ್ಯಾನೇಜರು ದಾಖಲೆ ತೆಗೆಸಿದರು. ಅದರಲ್ಲಿ ಕೊನೆಯದಾಗಿ ಪುಸ್ತಕ ನೋಡಿದವರ ಹೆಸರಿಗೆ ಜಾಗವಿತ್ತು, ಅಲ್ಲಿ ಅಕ್ಕನ ಹೆಸರಿತ್ತು. ಮ್ಯಾಕ್ರೊಗೆ ಅಲ್ಲಿ ಜಾಗವೇ ಇರಲಿಲ್ಲ.

ಸೋಮವಾರ ಎಲ್ಲರನ್ನೂ ಹಾಲ್‌ನಲ್ಲಿ ನಿಲ್ಲಿಸಿ ಮ್ಯಾನೇಜರು ದೂರನ್ನು ಗಟ್ಟಿಯಾಗಿ ಓದಿದರು. ಅಕ್ಕ ಹೆದರಲಿಲ್ಲ. ನೋಟ್‌ಬುಕ್ ತಂದು ತೋರಿಸಿದರು. “ನಾ ಎಲ್ಲಾ ಹಾಕೀನ್ರಿ. ಒಂದೊಂದ ಹೆಸರು ನೋಡಿ ಹಾಕೀನಿ. ಈ ತಮ್ಮಗ ಗೊತ್ತೈತಿ, ಕೇಳ್ರಿ,” ಎಂದು ನನ್ನತ್ತ ತಿರುಗಿದರು.

ಎಲ್ಲರೂ ನನ್ನನ್ನು ನೋಡಿದರು. ಆ ತಿಂಗಳು ನನ್ನ ಬಡ್ತಿಯ ಕಾಗದ ಮ್ಯಾನೇಜರ ಮೇಜಿನ ಮೇಲಿತ್ತು. ನಾನು ಹೇಳಿದ್ದು ಇಷ್ಟೇ: “ದಾಖಲೆಯಲ್ಲಿ ನಿಮ್ಮ ಹೆಸರೇ ಇದೆಯಲ್ಲ ಅಕ್ಕ.”

ಅದು ಸುಳ್ಳಲ್ಲ. ಅದಕ್ಕೇ ಅಷ್ಟು ಸಲೀಸಾಗಿ ಬಾಯಿಗೆ ಬಂತು.

ಮ್ಯಾನೇಜರು ನೋಟ್‌ಬುಕ್ ತಿರುವಿ ನೋಡಿ, “ಅಂದರೆ ನಿಮಗೆ ಗೊತ್ತಿತ್ತು. ಬರೆದುಕೊಂಡಿದ್ದೀರಿ, ಫೈಲಿಗೆ ಹಾಕುವುದು ಮರೆತಿದ್ದೀರಿ. ಇದು ಇನ್ನೂ ಕೆಟ್ಟದ್ದು,” ಎಂದರು. ಅದೇ ಮಧ್ಯಾಹ್ನ ಅದೇ ನೋಟ್‌ಬುಕ್ಕನ್ನು ಇಟ್ಟುಕೊಂಡು ನಾನೇ ಪುಸ್ತಕ ಸರಿಮಾಡಿ ಕಳಿಸಿದೆ. ಅವರ ಗುಂಡಗಿನ ಅಕ್ಷರ, ಪ್ರತಿ ಹೆಸರಿನ ಮುಂದೆ ಬೀದಿಯ ಹೆಸರು, ಎಷ್ಟು ಜನ ಎಂಬ ಲೆಕ್ಕ. ಒಂದೂ ತಪ್ಪಿರಲಿಲ್ಲ. ಕಂಪನಿಯ ಮಾನ ಉಳಿಸಿದ್ದು ಆ ನೋಟ್‌ಬುಕ್ಕು. ಕಂಪನಿ ಅವರ ಮುಂದೆ ಇಟ್ಟದ್ದು ತಪ್ಪೊಪ್ಪಿಗೆಯ ಕಾಗದ.

ಸಹಿ ಮಾಡಿದರೆ ಮುಗಿಯಿತು ಎಂದರು ಮ್ಯಾನೇಜರು. ಕೆಲಸಕ್ಕೇನೂ ತೊಂದರೆಯಿಲ್ಲ, ಬರೀ ಪದ್ಧತಿ ಅಷ್ಟೇ, ಪ್ರಕಾಶಕರಿಗೆ ತೋರಿಸಲು ಒಂದು ಕಾಗದ ಬೇಕು. ಅಕ್ಕನನ್ನು ಒಪ್ಪಿಸಲು ನನ್ನನ್ನೇ ಕಳಿಸಿದರು. ನಾನು ಹೋದೆ! ಕಾಗದ ಹಿಡಿದುಕೊಂಡು ಹೋದೆ. ಅವರ ಗಂಡನ ವರ್ಕ್‌ಶಾಪು ಆ ವರ್ಷ ಬಾಗಿಲು ಹಾಕಿತ್ತು. ಮಗ ಪಾಲಿಟೆಕ್ನಿಕ್ಕಿನಲ್ಲಿದ್ದ. ಅದೆಲ್ಲ ಗೊತ್ತಿದ್ದೇ, “ಒಂದು ಸಹಿ ತಾನೇ ಅಕ್ಕ, ಮನೆ ಕಡೆ ನೋಡಿ,” ಎಂದೆ.

ಅಕ್ಕ ಕುರ್ಚಿಯಿಂದ ಎದ್ದರು. ಅವತ್ತಿನವರೆಗೆ ನನ್ನನ್ನು ತಮ್ಮಾ ಎಂದೇ ಕರೆದವರು.

“ಸಾಹೇಬ್ರ, ನಾ ಮಾಡಿದ್ರ ಸಹಿ ಮಾಡ್ತಿದ್ದೆ. ಮಾಡೀನೇನ್ರಿ? ನೀವಽ ಹೇಳ್ರಿ.”

ನಾನು ಮಾತಾಡಲಿಲ್ಲ.

“ಮತ್ತ? ಮಾಡಂಗಿಲ್ಲ.”

ಕಾಗದವನ್ನು ಹರಿಯಲಿಲ್ಲ, ಎಸೆಯಲಿಲ್ಲ. ಮಡಚಿ ನನ್ನ ಅಂಗಿಯ ಜೇಬಿಗೆ ತುರುಕಿದರು. ಸ್ವೆಟರ್ ತೆಗೆದು ಚೀಲಕ್ಕೆ ಹಾಕಿಕೊಂಡು, ಬಾಗಿಲ ಹತ್ತಿರ ಚಪ್ಪಲಿ ಮೆಟ್ಟಿ ಹೊರಟುಹೋದರು. ಯಾರೂ ಎದ್ದು ನಿಲ್ಲಲಿಲ್ಲ. ಸಂಜೆಯ ಹೊತ್ತಿಗೆ ಬೋರ್ಡಿನಲ್ಲಿ ಅವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ತಪ್ಪಿನ ಲೆಕ್ಕ ಬರೆದಿತ್ತು. ಕೆಲಸ ಬಿಟ್ಟು ಹೋದವರ ಹೆಸರನ್ನು ಅದೇ ದಿನ ಅಳಿಸುವುದು ವಾಡಿಕೆ. ಅವರದನ್ನು ಮಾತ್ರ ಎಲ್ಲರೂ ನೋಡಲಿ ಎಂದು ತಿಂಗಳಿಡೀ ಬಿಟ್ಟರು.

ನನ್ನ ಬಡ್ತಿ ಬಂತು. ಅದನ್ನು ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

ಆಮೇಲೆ ಅಕ್ಕ ನಾಚಾರಂನಲ್ಲೇ ಒಂದು ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತಾರೆಂದು ಕೇಳಿದೆ. ಆ ಕಡೆ ಹೋಗುವ ಕೆಲಸ ಬಿದ್ದರೆ ಬೇರೆ ದಾರಿ ಹಿಡಿಯುತ್ತಿದ್ದೆ. ನಮ್ಮ ಕಂಪನಿಯೂ ಒಂದು ದಿನ ಮುಚ್ಚಿತು. ಬೇಗಂಪೇಟೆಯ ಆ ಹಾಲ್‌ನಲ್ಲಿ ಈಗ ಮದುವೆಯ ಬಟ್ಟೆ ಬಾಡಿಗೆಗೆ ಕೊಡುತ್ತಾರೆ.

ಎರಡು ವರ್ಷದ ಹಿಂದೆ, ಅಕ್ಕನಿಗೆ ಮೈ ಸರಿಯಿಲ್ಲವೆಂದು ತಿಳಿದು, ಒಂದು ಭಾನುವಾರ ಬೆಳಗ್ಗೆ ಅವರ ಮನೆ ಹುಡುಕಿಕೊಂಡು ಹೋದೆ. ಎರಡು ಕೋಣೆ, ಕಿಟಕಿಯಾಚೆ ಕಾರ್ಖಾನೆಯ ಗೋಡೆ. ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು, ತೀರಾ ಸಣ್ಣಗಾಗಿದ್ದರು. ಸೊಸೆ ಚಹಾ ತಂದಿಟ್ಟಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿದೆ: ಎರಡನೇ ಸಲ ಗುಂಡಿ ಒತ್ತಿದವನು ನಾನು, ಅವತ್ತೇ ನನಗೆ ಗೊತ್ತಿತ್ತು, ಹೇಳಲಿಲ್ಲ, ತಪ್ಪಾಯಿತು. ಕಣ್ಣಲ್ಲಿ ನೀರೂ ಬಂತು. ಈಗ ಅವರು, ಆಗಿದ್ದಾಯಿತು ಬಿಡೋ ತಮ್ಮಾ ಎನ್ನುತ್ತಾರೆಂದು ಕಾದೆ. ಆ ಮಾತಿಗಾಗಿಯೇ ಅಷ್ಟು ದೂರ ಹೋಗಿದ್ದೆ.

“ನನಗ್ಯಾಕ ಹೇಳಾಕತ್ತೀರಿ ಸಾಹೇಬ್ರ? ನನಗ ಗೊತ್ತಿದ್ದಿದ್ದಿಲ್ಲೇನು?” ಎಂದರು ಅಕ್ಕ. ದನಿ ಕ್ಷೀಣವಾಗಿತ್ತು, ಸಿಟ್ಟು ಸ್ವಲ್ಪವೂ ಕಡಿಮೆಯಾಗಿರಲಿಲ್ಲ. “ಅವತ್ತು ಅಲ್ಲಿ ನಲವತ್ತು ಮಂದಿ ನಿಂತಿದ್ರು. ಅವರಿಗೆ ಹೇಳ್ರಿ. ನನ್ನ ಮುಂದ ಅತ್ತರ ನಿಮ್ಮ ಎದಿ ಹಗುರ ಆಗತೈತಿ, ನನಗೇನು ಆಗತೈತಿ?”

ಸೊಸೆ ತಲೆ ತಗ್ಗಿಸಿ ನಿಂತಿದ್ದಳು. ಚಹಾ ಕುಡಿದು ಹೋಗಿರಿ ಎಂದರು ಅಕ್ಕ. ಕುಡಿದೆ. ಹೇಳುತ್ತೇನೆ ಅಕ್ಕ, ಎಲ್ಲರಿಗೂ ಹೇಳುತ್ತೇನೆ ಎಂದು ಮಾತು ಕೊಟ್ಟು ಬಂದೆ.

ಎರಡು ವರ್ಷ ಯಾರಿಗೂ ಹೇಳಲಿಲ್ಲ. ಕೆಲಸ, ಮಕ್ಕಳ ಶಾಲೆ, ಅವರ ನಂಬರಿಲ್ಲ, ಇವರ ನಂಬರಿಲ್ಲ. ನೆಪ ಹುಡುಕುವುದರಲ್ಲಿ ನಾನು ಯಾವತ್ತೂ ಸೋತವನಲ್ಲ. ಅಷ್ಟರಲ್ಲಿ ಅಕ್ಕ ಹೋದರು. ಕಂಪನಿಯ ಮೇಲೆ, ಮ್ಯಾನೇಜರ ಮೇಲೆ, ಗುಣಮಟ್ಟ ಗುಣಮಟ್ಟ ಎಂದು ಎದೆ ಬಡಿದುಕೊಳ್ಳುವ ಎಲ್ಲರ ಮೇಲೆ ನನಗಿರುವ ಸಿಟ್ಟು ಒಂದು ತೂಕವಾದರೆ, ಈ ಎರಡು ವರ್ಷದ ಮೇಲಿನ ಸಿಟ್ಟೇ ಹೆಚ್ಚು ತೂಗುತ್ತದೆ.

ಫೋನ್ ಬಂದ ಮರುದಿನ ಕೂತು ಹಳಬರ ನಂಬರುಗಳನ್ನು ಒಂದೊಂದಾಗಿ ಒಟ್ಟು ಮಾಡಿದೆ. ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದೇನೆ. ಹೆಚ್ಚಿನವರಿಗೆ ಏನೂ ನೆನಪಿಲ್ಲ. ಯಾವ ಅಕ್ಕ ಎನ್ನುತ್ತಾರೆ. ಯಾವ ಪುಸ್ತಕ ಎನ್ನುತ್ತಾರೆ. ಒಬ್ಬಳು ಅಳುತ್ತಾಳೆಂದುಕೊಂಡೆ, ಮಗುವಿಗೆ ಊಟ ಮಾಡಿಸಬೇಕು ಎಂದು ಇಟ್ಟಳು. ನಿನ್ನೆ ಮಾಡಿದ್ದು ಅಕ್ಕನ ಎದುರಿನ ಸಾಲಿನಲ್ಲಿ ಕೂರುತ್ತಿದ್ದವನಿಗೆ. ಈಗ ಉಪ್ಪಲ್‌ನಲ್ಲಿ ಟೈಲ್ಸ್ ಅಂಗಡಿ ಇಟ್ಟಿದ್ದಾನೆ. ಅಕ್ಕ ತೀರಿಕೊಂಡರೆಂದೆ, ಅವನಿಗೆ ನೆನಪಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ ಕುರ್ಚಿಯಿಂದ ಎದ್ದು ನಿಂತೆ.

“ಯಾಕೆ ನೆನಪಿಲ್ಲ ಸಾರ್,” ಎಂದ ಅವನು ತೆಲುಗಿನಲ್ಲಿ. “ಸತ್ತವರ ಹೆಸರು ಅಳಿಸಿಬಿಟ್ಟಿದ್ದರಲ್ಲ, ಆ ಅಕ್ಕನೇ ಅಲ್ಲವಾ? ಪಾಪ, ವಯಸ್ಸಾಗಿತ್ತು, ಕಣ್ಣು ಸರಿ ಕಾಣುತ್ತಿರಲಿಲ್ಲ.”

“ಅಲ್ಲ,” ಎಂದೆ. “ಅಳಿಸಿದವನು ನಾನು.”

ಅವನ ಹಿಂದೆ ಯಾರೋ ಗಿರಾಕಿ ಬೆಲೆ ಕೇಳುತ್ತಿದ್ದ. “ಹೋಗಲಿ ಬಿಡಿ ಸಾರ್, ಹಳೇ ಮಾತು. ಅವರೂ ಹೋದರಲ್ಲ,” ಎಂದ ಅವನು.

“ಫೋನ್ ಇಡಬೇಡ,” ಎಂದೆ. “ಗಿರಾಕಿಯನ್ನು ಕಳಿಸಿ ಬಾ. ನಾನು ಕಾಯುತ್ತೇನೆ.” ಅವನು ಬಂದ ಮೇಲೆ, ಆ ಮೂರು ಹೆಸರಿನಿಂದ ಹಿಡಿದು ಎಲ್ಲವನ್ನೂ ಹೇಳಿದೆ.